ಕೋಟು ತೊಡಿಸಿಕೊಂಡ ಮುರುಗೆಪ್ಪ

ಗೋಪನಕೊಪ್ಪದ ಸರ್ಕಲ್ಲಿನಲ್ಲಿ ಆಟೋ ಇಳಿದ ರಾಜೇಶ್ವರಿಗೆ ಮೊದಲು ಕಂಡದ್ದು ತಮ್ಮ ಗುರುಪಾದನ ಹಲ್ಲು. ಎರಡು ಕಂಬಗಳ ನಡುವೆ ಬಿಗಿದ ಫ್ಲೆಕ್ಸಿನ ಬಲ ಮೂಲೆಯಲ್ಲಿ ಅವನು ನಗುತ್ತ ಕೈ ಮುಗಿದು ನಿಂತಿದ್ದ. ಕೈ ಮುಗಿದದ್ದು ಸತ್ತವರಿಗೋ ಮತದಾರರಿಗೋ ಹೇಳಲು ಬರುವಂತಿರಲಿಲ್ಲ. ಅವನ ಕೆಳಗೆ ಗೆಳೆಯರ ಬಳಗ, ದುಂಡನೆಯ ಬಿಲ್ಲೆಗಳೊಳಗೆ ಒಬ್ಬೊಬ್ಬರ ಮುಖ, ಅರ್ಧದಷ್ಟು ಜನ ಕಪ್ಪು ಕನ್ನಡಕದವರು. ಮೇಲೆ ಬಂಗಾರದ ಬಣ್ಣದಲ್ಲಿ 'ಲಿಂಗೈಕ್ಯ ಮುರುಗೆಪ್ಪನವರ ಪ್ರಥಮ ಪುಣ್ಯಸ್ಮರಣೆ' ಎಂದು ಬರೆದಿತ್ತು. ಬರೆದಿರದಿದ್ದರೆ ನಡುವೆ ಕುಳಿತ ಮನುಷ್ಯ ತನ್ನ ಅಪ್ಪ ಎಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಆ ಮನುಷ್ಯ ಕಡುನೀಲಿ ಕೋಟು ತೊಟ್ಟು, ತಲೆಗೆ ಜರಿಯ ರುಮಾಲು ಸುತ್ತಿ, ಹಿಮದ ಬೆಟ್ಟಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ಅಪ್ಪ ಹುಟ್ಟಿದಾರಭ್ಯ ಕೋಟು ಕಂಡವನಲ್ಲ. ಧೋತರ, ನೆಹರು ಶರ್ಟು, ಬಿಳಿ ಟೊಪ್ಪಿಗೆ, ಮೈತುಂಬ ಹತ್ತಿಯ ಎಳೆ, ಇಷ್ಟೇ ಅವನ ಶೃಂಗಾರ. ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಯ ಅಡತಿ ಅಂಗಡಿ ಇಟ್ಟು ದಲ್ಲಾಳಿತನ ಮಾಡಿದವನಿಗೆ ಹಿಮದ ಬೆಟ್ಟದಲ್ಲಿ ಏನು ಕೆಲಸ? ಆದರೆ ಕೋಟನ್ನಾದರೂ ಕ್ಷಮಿಸಬಹುದಾಗಿತ್ತು. ಮುಖ ನೋಡಿದಾಗ ರಾಜೇಶ್ವರಿಯ ಮೈ ಉರಿದುಹೋಯಿತು. ಹೆಣ್ಣುಮಕ್ಕಳಿಗೆ ಬಣ್ಣ ಹಚ್ಚಿದಂಥ ಗುಲಾಬಿ ತುಟಿ, ಈಗಷ್ಟೇ ಸುಲಿದ ತತ್ತಿಯಂಥ ಗದ್ದ. ಅವಳು ಧಾರವಾಡದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುವವಳು. ಪಠ್ಯಪುಸ್ತಕದ ರಾಜರೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರ ಹಾಗೆ ಇರುವುದನ್ನು ನೋಡಿ ನೋಡಿ ರೋಸಿಹೋದವಳು. ಈಗ ಅಪ್ಪನನ್ನೂ ತಂದು ಆ ಸಾಲಿನಲ್ಲಿ ಕೂರಿಸಿದ್ದರು.

ಮುರುಗೆಪ್ಪನಿಗೆ ತೊನ್ನು ಇತ್ತು. ತುಟಿಯ ಎಡ ತುದಿಯಲ್ಲಿ ಹುಟ್ಟಿ ಗದ್ದದ ಮೇಲೆ ಹರಡಿದ ಒಂದು ಬಿಳಿ ಕಲೆ, ಎಡಗಣ್ಣಿನ ರೆಪ್ಪೆಯ ಮೇಲೆ ಇನ್ನೊಂದು ಚಿಕ್ಕದು. ಮಾರುಕಟ್ಟೆಯಲ್ಲಿ ಎಲ್ಲರೂ ಅವನನ್ನು ಬಿಳೇತುಟಿ ಮುರುಗೆಪ್ಪ ಅಂತಲೇ ಕರೆಯುತ್ತಿದ್ದರು, ಕರೆದರೆ ಅವನೂ ಓ ಎನ್ನುತ್ತಿದ್ದ. ಯಾರದೋ ಮದುವೆಯಲ್ಲಿ ಅವನು ಲಾಡು ಬಡಿಸಲು ಹೋದಾಗ ಒಬ್ಬ ದೊಡ್ಡ ಮನುಷ್ಯ ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದ. ಮುರುಗೆಪ್ಪ ಆ ಲಾಡನ್ನು ಅಲ್ಲೇ ನಿಂತು ತಾನೇ ತಿಂದು, "ಛಲೋ ಆತ್ರಿ, ನನಗೊಂದು ಹೆಚ್ಚಿಗಿ ಬಂತು," ಎಂದು ಮುಂದಿನ ಎಲೆಗೆ ನಡೆದಿದ್ದ. ರಾಜೇಶ್ವರಿ ಸಣ್ಣವಳಿದ್ದಾಗ ಅವಳ ಶಾಲೆಗೆ ಬುತ್ತಿ ಕೊಡಲು ಬಂದರೆ ಹುಡುಗಿಯರು ಕಿಟಕಿಗೆ ಮುತ್ತಿ ಅವನ ಬಾಯನ್ನೇ ನೋಡುತ್ತಿದ್ದರು. ಅವಳಿಗೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು. ಅಪ್ಪ ಮಾತ್ರ ಒಂದು ದಿನ ಕಿಟಕಿಗೆ ಮುಖ ತಂದು, "ಮುಟ್ಟಿ ನೋಡ್ರೆವಾ. ಕೈಗೆ ಹತ್ತೂದಿಲ್ಲ," ಎಂದಿದ್ದ. ಒಬ್ಬೊಬ್ಬಳಾಗಿ ಬೆರಳು ಚಾಚಿ ಮುಟ್ಟಿದ್ದರು. ಮುಟ್ಟಿದವಳೊಬ್ಬಳು ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಬಿಳಿಯಾಗದ್ದಕ್ಕೆ ಪೆಚ್ಚಾಗಿ ಹೋಗಿದ್ದಳು.

ಅಂಥ ಮುಖವನ್ನು ತಮ್ಮ ತೊಳೆದು ಒಣಹಾಕಿದ್ದ.

ಮನೆ ಮುಂದೆ ಪೆಂಡಾಲು ಏಳುತ್ತಿತ್ತು. ಗುರುಪಾದ ಕುರ್ಚಿ ಹಾಕಿಕೊಂಡು ಕುಳಿತು, ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿಯಲ್ಲಿ ಅಡುಗೆಯವನ ಮಾತು ಕೇಳುತ್ತಿದ್ದ. ಅಪ್ಪ ಕೂರುತ್ತಿದ್ದ ಹಾಗೆಯೇ ಕಾಲ ಮೇಲೆ ಕಾಲು ಹಾಕಿದ್ದ. ಅಪ್ಪನಿಂದ ಅವನು ಕಲಿತದ್ದು ಅದೊಂದೇ ಎಂದುಕೊಂಡಳು ರಾಜೇಶ್ವರಿ.

"ಸರ್ಕಲ್‌ದಾಗ ಯಾರನ್ನ ತಂದು ಕುಂದ್ರಿಸೀಯೋ ಗುರು?"

"ಅಪ್ಪನ್ನ ಅಕ್ಕಾ! ಛಲೋ ಬಂದೈತಿಲ್ಲ? ಯಾವ ಸ್ಟುಡಿಯೋದಾಗ ಮಾಡಿಸಿದ್ರಿ ಅಂತ ಮಂದಿ ಕೇಳಾಕತ್ತಾರ."

"ಅಪ್ಪನ ಬಿಳೇ ಕಲಿ ಎಲ್ಲಿ ಹೋತು?"

ಗುರುಪಾದ ಫೋನನ್ನು ಕಿವಿಯಿಂದ ಇಳಿಸಿ ಅತ್ತಿತ್ತ ನೋಡಿದ. "ಸಾವಕಾಶ ಮಾತಾಡ. ತಗಸೇನಿ. ಇದ್ದಾಗಂತೂ ಮಂದಿ ಕಡಿಂದ ಅನಿಸಿಕೊಂಡ. ಸತ್ತ ಮ್ಯಾಲರೆ ಒಂದೀಟು ಚಂದ ಕಾಣ್ಲಿ."

"ಅಂವಾ ಚಂದನs ಇದ್ದ."

"ನಿನಗ ಇದ್ದ. ನಾಳೆ ಬೈಲಹೊಂಗಲದವರು ಬರಾಕತ್ತಾರ, ನಮ್ಮ ಸೌಮ್ಯಾನ್ನ ನೋಡಾಕ. ಪೂಜಾನೂ ಆದಂಗಾತು, ಹುಡಿಗೀನ್ನ ನೋಡಿದಂಗೂ ಆತು ಅಂತ ನಾನs ಕರದೇನಿ. ಒಳಗ ಬಂದ ಕೂಡಲೇ ಗ್ವಾಡಿ ಮ್ಯಾಲೆ ತೊನ್ನಿನ ಅಜ್ಜನ ಫೋಟೋ ಕಂಡ್ರ ಚಾ ಸೈತ ಕುಡೀದ ಎದ್ದು ಹೋಗ್ತಾರ. ನಿನಗೇನ, ನಿನಗ ಗಂಡಸ ಮಗ."

ತೊನ್ನು ಮುಟ್ಟಿದರೆ ಬರುವ ರೋಗವಲ್ಲ ಎಂದು ಅಪ್ಪನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವನ ಮಗನಿಗೆ ಮಾತ್ರ ಅದು ಫೋಟೋ ನೋಡಿದರೂ ಬರುವಂಥದ್ದಾಗಿತ್ತು.

"ನನ್ನ ನೋಡಾಕ ಬಂದಾಗ ಅಪ್ಪ ಬಾಗಲದಾಗ ನಿಂತು ಬರ್ರಿ ಬರ್ರಿ ಅಂದಿದ್ದ," ಎಂದಳು. "ಒಳಗ ಹೋಗಿ ಕುಂದ್ರಲಿಲ್ಲ. ನನ್ನ ಲಗ್ನ ಆತೋ ಇಲ್ಲೋ?"

"ಆಗಿನ ಕಾಲ ಬ್ಯಾರೆ ಅಕ್ಕಾ. ಅವ್ವಗ ಏನೂ ಹೇಳಬ್ಯಾಡ ಮತ್ತ. ಹೊಸಾ ಚೌಕಟ್ಟು ಹಾಕ್ಸಾಕ ಕೊಟ್ಟೇವಿ ಅಂತ ಹೇಳೇನಿ."

ಅವ್ವ ಕಾಳವ್ವ ದೇವರ ಜಗಲಿಯ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವಳಿಗೆ ಈಗ ಸೊಸೆ ಪಾತ್ರೆಯಲ್ಲಿ ಉಳಿಸಿದ ಜಿಡ್ಡು ಕೂಡ ಕಾಣುತ್ತಿತ್ತು. "ರಾಜೀ, ಬಂದ್ಯಾ? ಫೋಟೋ ತಂದ್ರೇನವಾ? ಗ್ವಾಡಿ ಬಣಬಣ ಅಂತೈತಿ." ರಾಜೇಶ್ವರಿ ಗೋಡೆ ನೋಡಿದಳು. ಅಪ್ಪನ ಫೋಟೋ ಇದ್ದ ಜಾಗದಲ್ಲಿ ಮೊಳೆ ಒಂದೇ ಉಳಿದಿತ್ತು. ಮೊಳೆಯ ಕೆಳಗೆ, ಫೋಟೋದಲ್ಲಿ ಅಪ್ಪನ ಹಣೆ ಬರುತ್ತಿದ್ದ ಎತ್ತರಕ್ಕೆ ಸರಿಯಾಗಿ, ಖಾಲಿ ಸುಣ್ಣದ ಗೋಡೆಗೆ ಮೂರು ಬೆರಳಿನ ವಿಭೂತಿ ಹಚ್ಚಿತ್ತು. ದಿನಾ ಜಳಕ ಮಾಡಿ ಬಂದು ಹಚ್ಚುವ ಕೈ, ಫೋಟೋ ಇಲ್ಲವೆಂದು ಬಿಟ್ಟಿರಲಿಲ್ಲ. ರಾಜೇಶ್ವರಿ ಅವ್ವನ ಎದುರು ಅಳಬಾರದೆಂದು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

ಆ ಹಳೆಯ ಫೋಟೋ ಅವಳದೇ ಮದುವೆಯ ದಿನದ್ದು. ಅಪ್ಪ ನೆಟ್ಟಗೆ ಕ್ಯಾಮೆರಾ ನೋಡುತ್ತ, ಇನ್ನೇನು ಏನೋ ಚೇಷ್ಟೆಯ ಮಾತು ಹೇಳಲಿದ್ದಾನೆ ಎನ್ನುವ ಹಾಗೆ ತುಟಿ ಓರೆ ಮಾಡಿದ್ದ. ಅದನ್ನು ಬಿಟ್ಟರೆ ಅಪ್ಪನ ಮುಖ ನೆಟ್ಟಗೆ ಕಾಣುವ ಫೋಟೋ ಬೇರೆ ಇರಲಿಲ್ಲ. ಆಟೋದಲ್ಲಿ ಕುಳಿತು ಫೋನನ್ನೆಲ್ಲ ಜಾಲಾಡಿದಳು. ಮಗನ ಹುಟ್ಟುಹಬ್ಬದ ಕೇಕಿನ ಹಿಂದೆ ಅಪ್ಪನ ಅರ್ಧ ಕಿವಿ, ಕರೋನಾದ ವರ್ಷ ಮಾಸ್ಕಿನೊಳಗೆ ಎರಡು ಕಣ್ಣು, ಗೃಹಪ್ರವೇಶದಲ್ಲಿ ದೂರದ ಒಂದು ಟೊಪ್ಪಿಗೆ. ತಿಂದ ದೋಸೆಯ ಫೋಟೋಗಳು ಲೆಕ್ಕವಿಲ್ಲದಷ್ಟಿದ್ದವು. ನಾನೂ ಏನು ಕಡಿಮೆಯವಳಲ್ಲ ಎಂದು ತನ್ನನ್ನೇ ಹಂಗಿಸಿಕೊಂಡಳು.

ದುರ್ಗದಬೈಲಿನ ಗದ್ದಲದ ಮೇಲೆ, ಸೀರೆ ಅಂಗಡಿಯ ಮಾಳಿಗೆಯಲ್ಲಿ, ಗುರುಪಾದ ಫೋಟೋ ಕೊಟ್ಟಿದ್ದ ಮುಕ್ತಾರನ ಸ್ಟುಡಿಯೋ. ಹೆಗಲಿಗೆ ಹೆಗಲು ಹಚ್ಚಿ ಗೋಡೆಯ ತುಂಬ ಸತ್ತವರ ಪಟಗಳು ತೂಗುತ್ತಿದ್ದವು. ಎಲ್ಲರಿಗೂ ಅದೇ ಕಡುನೀಲಿ ಕೋಟು, ಅದೇ ರುಮಾಲು. ಜೋಳ ಬೆಳೆದವನು, ಬಸ್ಸು ಓಡಿಸಿದವನು, ಕಿರಾಣಿ ಮಾರಿದವನು ಎಲ್ಲರೂ ಒಂದೇ ಮಠದ ಸಮವಸ್ತ್ರ ಹಾಕಿಕೊಂಡು ಸ್ವರ್ಗಕ್ಕೆ ಹೊರಟವರಂತೆ ಕಾಣುತ್ತಿದ್ದರು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದ ಮುಕ್ತಾರ. ತನ್ನ ಕೆಲಸದ ಬಗ್ಗೆ ಅವನಿಗೆ ಭಾರೀ ಅಭಿಮಾನ. "ಭಾಳ ತ್ರಾಸ ಆತ್ರಿ ಅಪ್ಪಾರ ಮುಖ ಕ್ಲೀನ್ ಮಾಡೂದು. ತುಟೀನs ಬ್ಯಾರೆ ಹಾಕೇನ್ರಿ."

"ಬ್ಯಾರೆ ಅಂದ್ರ? ಯಾರದು?"

"ಅದು ಕಂಪ್ಯೂಟರಿನ್ಯಾಗ ರೆಡಿ ಇರತೈತ್ರಿ."

ರಾಜೇಶ್ವರಿ ಗೋಡೆಯ ಪಟಗಳ ತುಟಿಗಳನ್ನು ಒಂದೊಂದಾಗಿ ನೋಡಿದಳು. ನಂತರ, "ಹಳೇ ಫೋಟೋ ನನಗ ಕೊಟ್ಟುಬಿಡಪಾ," ಎಂದಳು.

"ಹಳೇದು ಎಲ್ಲಿ ಹೋಕ್ಕೈತ್ರಿ? ಅದರಾಗs ಐತಿ," ಎಂದು ಮುಕ್ತಾರ ಮೇಜಿನ ಮೇಲಿನ ದೊಡ್ಡ ಚೌಕಟ್ಟನ್ನು ತಟ್ಟಿದ. ಒಳಗೆ ಕೋಟಿನ ಮನುಷ್ಯ. "ಹಳೇದರ ರಟ್ಟು ಗಟ್ಟಿ ಇತ್ರಿ. ಹೊಸಾದನ್ನ ಅದರ ಮ್ಯಾಲೆ ಹಾಕಿ ಫೆವಿಕಾಲ್ ಹಚ್ಚಿ ಕುಂದ್ರಿಸಿಬಿಟ್ಟೆ. ಇನ್ನ ಇದು ಜನುಮದಾಗ ಡೊಂಕ ಆಗೂದಿಲ್ಲ."

"ಬಿಡಿಸಿ ಕೊಡು."

"ಬಿಡಿಸಿದ್ರ ಎರಡೂ ಹರೀತಾವರಿ ಅಕ್ಕಾರ."

"ಕಂಪ್ಯೂಟರಿನ್ಯಾಗರೆ ಹಳೇದು ಇರಬೇಕಲ್ಲಾ?"

"ಅದರ ಮ್ಯಾಲೇನs ಕೆಲಸ ಮಾಡಿ ಸೇವ್ ಮಾಡಿನ್ರಿ."

ಹೀಗೆ ಅಪ್ಪ ಅಲ್ಲೇ ಇದ್ದ, ಒಂದು ಕಾಗದದ ಕೆಳಗೆ. ಯಾರದೂ ಅಲ್ಲದ ತುಟಿಗೆ ತನ್ನ ತುಟಿ ಒತ್ತಿಕೊಂಡು, ಉಸಿರು ಕಟ್ಟಿ. ಮಣ್ಣು ಕೊಟ್ಟ ದಿನವೂ ರಾಜೇಶ್ವರಿಗೆ ಇಷ್ಟು ಸಂಕಟ ಆಗಿರಲಿಲ್ಲ. ಆ ದಿನ ಮುಖವಾದರೂ ಇತ್ತು.

ಅವಳ ಕಣ್ಣು ತುಂಬಿದ್ದನ್ನು ಕಂಡು ಮುಕ್ತಾರನಿಗೆ ಕೆಡುಕೆನಿಸಿತು. ಮನುಷ್ಯ ಕೆಟ್ಟವನಲ್ಲ. "ಅಳಬ್ಯಾಡ್ರಿ. ಬೇಕಾದ್ರ ಈ ಹೊಸಾ ಫೋಟೋದ ಮ್ಯಾಲೆ ಮತ್ತ ಕಲಿ ಕುಂದ್ರಿಸಿ ನಿಮಗೊಂದು ಪ್ರಿಂಟ್ ತಗದು ಕೊಡ್ತೇನ್ರಿ. ಹೆಂಗಿತ್ತು ಹೇಳ್ರಿ, ತುಟಿ ಎಷ್ಟು ಹಿಡದಿತ್ತು? ಗದ್ದದ ಕೆಳಗ ಇಳದಿತ್ತೋ, ಮ್ಯಾಲೇನs ನಿಂತಿತ್ತೋ?"

ರಾಜೇಶ್ವರಿ ಹೇಳಲು ಬಾಯಿ ತೆರೆದಳು. ಗದ್ದದ ಕೆಳಗೆ ಇಳಿದಿತ್ತೆ? ರೆಪ್ಪೆಯ ಕಲೆ ಮೂಗಿನ ಕಡೆಗಿತ್ತೋ ಕಿವಿಯ ಕಡೆಗೋ? ಕಣ್ಣು ಮುಚ್ಚಿ ಅಪ್ಪನನ್ನು ಕರೆದಳು. ಬಂದವನು ಕೋಟಿನ ಮನುಷ್ಯ. ಇನ್ನೊಮ್ಮೆ ಕರೆದಳು. ಮತ್ತೆ ಅವನೇ ಬಂದ, ಗುಲಾಬಿ ತುಟಿ ಬಿಚ್ಚಿ ನಕ್ಕ. ಅಪ್ಪ ಹೋಗಿ ಇನ್ನೂ ಒಂದು ವರ್ಷ, ಅಷ್ಟರಲ್ಲೇ ಮಗಳ ತಲೆಯೊಳಗೂ ಮುಕ್ತಾರನ ಕಂಪ್ಯೂಟರು ಕೆಲಸ ಶುರು ಮಾಡಿತ್ತು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು. "ಬ್ಯಾಡ ಬಿಡಪಾ," ಎಂದು ಮೆಟ್ಟಿಲಿಳಿದು ಜನರ ನಡುವೆ ದಿಕ್ಕು ತಪ್ಪಿದವಳ ಹಾಗೆ ನಿಂತುಬಿಟ್ಟಳು.

ಮರುದಿನ ಪೆಂಡಾಲು ತುಂಬಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಎಳನೀರು ಹಿಡಿದು ಬರದ ಬಂಧುಗಳೆಲ್ಲ ಹೋಳಿಗೆಯ ವಾಸನೆಗೆ ನೆಟ್ಟಗೆ ದಾರಿ ಕಂಡುಕೊಂಡಿದ್ದರು. ಫ್ಲೆಕ್ಸಿನ ಬಿಲ್ಲೆಗಳೊಳಗಿದ್ದ ಗೆಳೆಯರ ಬಳಗ ಬಿಲ್ಲೆ ಬಿಟ್ಟು ಕುರ್ಚಿಗಳ ಮೇಲೆ ಬಂದು ಕುಳಿತಿತ್ತು. ಮುಂದಿನ ಸಾಲಿನಲ್ಲಿ ಬೈಲಹೊಂಗಲದವರು: ಗಂಡಿನ ಅವ್ವ ಇಳಕಲ್ಲ ಸೀರೆಯಲ್ಲಿ, ಪಕ್ಕದಲ್ಲಿ ಗಂಡಿನ ಅಜ್ಜ ಕೋಲಿನ ಮೇಲೆ ಗದ್ದ ಊರಿಕೊಂಡು. ಸೌಮ್ಯಾ ವಿಭೂತಿಯ ತಾಟು ಹಿಡಿದು ಫೋಟೋದ ಬದಿಗೆ ನಿಂತಿದ್ದಳು. ಹುಡುಗಿಯನ್ನು ತೋರಿಸಲು ಅದೇ ಸರಿಯಾದ ಜಾಗವೆಂದು ಗುರುಪಾದ ಲೆಕ್ಕ ಹಾಕಿದ್ದ. ಚೌಕಟ್ಟಿಗೆ ಇನ್ನೂ ಬಿಳಿ ಬಟ್ಟೆ ಮುಚ್ಚಿತ್ತು.

ಮೊದಲು ಟಿವಿ ಹಚ್ಚಿದರು. ಇದು ಗುರುಪಾದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಉಡುಗೊರೆ. ಪರದೆಯ ಮೇಲೆ ಕೋಟಿನ ಮನುಷ್ಯ ಕಣ್ಣು ಪಿಳುಕಿಸಿದ, ಕತ್ತು ಹೊರಳಿಸಿದ, ಕೈಯೆತ್ತಿ ಆಶೀರ್ವಾದ ಮಾಡಿದ. ಆಮೇಲೆ ಬೆಂಗಳೂರಿನ ವಾರ್ತಾವಾಚಕನ ದನಿಯಲ್ಲಿ, "ಪ್ರೀತಿಯ ಬಂಧುಗಳೇ, ನಾನು ಎಲ್ಲಿಗೂ ಹೋಗಿಲ್ಲ. ನಿಮ್ಮೆಲ್ಲರ ಹೃದಯದಲ್ಲಿಯೇ ನೆಲೆಸಿದ್ದೇನೆ," ಎಂದ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಗೆಳೆಯರ ಬಳಗ ಅದನ್ನು ಫೋನಿನಲ್ಲಿ ಹಿಡಿದುಕೊಂಡಿತು. ಇಡೀ ಆಯುಷ್ಯದಲ್ಲಿ ಮುರುಗೆಪ್ಪ ಮಕ್ಕಳನ್ನು ಮಾತಾಡಿಸಿದ್ದು "ಉಂಡ್ಯೇನ್ಲೇ?" ಎಂದು ಮಾತ್ರ. ಹೃದಯ ಎಂಬ ಮಾತನ್ನು ಅವನು ಡಾಕ್ಟರರ ಎದುರು ಸಹ ಆಡಿದವನಲ್ಲ, ಎದಿ ನೋಯ್ತೈತಿ ಎಂದಿದ್ದ, ಅಷ್ಟೇ.

ರಾಜೇಶ್ವರಿ ಒಳಗಿನಿಂದ ಅವ್ವನನ್ನು ಕೈಹಿಡಿದು ಕರೆತಂದಳು. ಕಾಳವ್ವ ಟಿವಿಯತ್ತ ಒಂದು ಸಲ ನೋಡಿದಳು.

"ಏನ್ ಸುದ್ದಿ ಹೇಳಾಕತ್ತಾನವಾ ಇಂವಾ? ಬಂದ್ ಮಾಡ್ರಿ, ಪೂಜಾ ಹೊತ್ತಿಗೆ ಎಂಥಾ ಟಿವಿ."

ಯಾರೋ ಕಿಸಕ್ಕೆಂದರು. ಗುರುಪಾದ ಹಲ್ಲು ಕಿರಿಯುತ್ತ ಟಿವಿ ಆರಿಸಿದ. ಪೂಜೆಗೆ ಬಂದಿದ್ದ ಅಯ್ಯನವರು ಮಂತ್ರ ಹೇಳಿ, ಮೊದಲ ವಿಭೂತಿ ಮನೆಯ ಹಿರಿಯ ತಾಯಿಯದೇ ಆಗಲಿ ಎಂದರು. ಗುರುಪಾದ ಬಟ್ಟೆ ಸರಿಸಿದ. ಕನ್ನಡಿಯ ಹಾಗೆ ಹೊಳೆಯುವ ಗಾಜು, ಹಿಂದೆ ಕೋಟು, ರುಮಾಲು, ತುಟಿ.

ಕಾಳವ್ವ ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಮೇಲೆತ್ತಿದವಳು ಅಲ್ಲೇ ನಿಂತಳು. ಬಹಳ ಹೊತ್ತು ನೋಡಿದಳು. ನಂತರ ಮಗನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಇವರು ಯಾರಪಾ?" ಎಂದಳು.

"ಅವ್ವಾ, ಅಪ್ಪ ಅಲ್ಲೇನ? ನೋಡ ಸರೀತ್ನಾಗಿ." ಗುರುಪಾದ ಬೈಲಹೊಂಗಲದವರ ಕಡೆ ನೋಡಿ ಮೆಲ್ಲಗೆ, "ವಯಸ್ಸಾತ್ರಿ, ಮರುವು," ಎಂದ. ತಾಯಿಯನ್ನು ಮರುವಿನ ಮುದುಕಿ ಮಾಡಲು ಅವನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

"ಮರುವು ನನಗಲ್ಲಪಾ ಬಂದದ್ದು," ಎಂದಳು ಕಾಳವ್ವ. "ಕಂಡವರ ಗಂಡಗ ನಾ ಯಾಕ ವಿಭೂತಿ ಹಚ್ಚಲಿ?"

ಕಾಳವ್ವ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗಾಜಿನ ತೀರ ಹತ್ತಿರ ಮುಖ ತಂದಳು. ಏನೋ ಹುಡುಕಿದಳು. ಓರೆ ನಗೆಗೆ ಕೆನ್ನೆಯಲ್ಲಿ ಬಿದ್ದ ಗೆರೆ, ನೋಟದ ಆ ಚೇಷ್ಟೆ, ಕಣ್ಣಿನ ಮೂಲೆಯ ಸುಕ್ಕು, ಇಂಥವು ಒಂದೆರಡು ಮುಕ್ತಾರನ ಕೈಗೆ ತಪ್ಪಿ ಉಳಿದಿದ್ದವು. ಅವನ್ನು ಕಂಡಳೋ ಏನೋ, ಮುದುಕಿಯ ಮುಖ ಸಡಿಲಾಯಿತು. "ಅಯ್ಯ, ಇಲ್ಲೇ ಅದೀರೇನ್ರಿ?" ಎಂದಳು. ಹಣೆಯ ಮೇಲೆ ಮೂರು ಬೆರಳೆಳೆದಳು. ಅಲ್ಲಿಗೆ ನಿಲ್ಲಿಸಲಿಲ್ಲ. ಸೌಮ್ಯಾ ಹಿಡಿದ ತಾಟಿನಿಂದ ಮತ್ತೊಂದಿಷ್ಟು ಭಸ್ಮ ತೆಗೆದುಕೊಂಡು, ನೀರು ಸೋಕಿಸಿ, ಒಂದೇ ಬೆರಳಿನಿಂದ ತುಟಿಯ ಎಡ ತುದಿಗೆ ಇಟ್ಟಳು. ಬೆರಳು ಎಲ್ಲೂ ತಡವರಿಸಲಿಲ್ಲ. ತುಟಿಯಿಂದ ಇಳಿದು, ಗದ್ದದ ಗುಂಡಿಯನ್ನು ಸುತ್ತುಹಾಕಿ, ಗದ್ದದ ಕೆಳಗೂ ಹೋಗಿ, ಕೊರಳು ಶುರುವಾಗುವಲ್ಲಿ ನಿಂತಿತು. ಆಮೇಲೆ ಎಡಗಣ್ಣಿನ ರೆಪ್ಪೆಯ ಮೇಲೆ, ಕಿವಿಯ ಕಡೆಗೆ, ಒಂದು ಚಿಕ್ಕ ಚುಕ್ಕೆ.

ಹಿಂದೆ ಸರಿದು ನೋಡಿದಳು. "ಈಗ ಬಂದ್ರು ನೋಡ್ರಿ," ಎಂದಳು.

ಬಂದಿದ್ದ. ಕೋಟಿನೊಳಗೆ ಸಿಕ್ಕಿಬಿದ್ದು, ರುಮಾಲಿನ ಕೆಳಗೆ, ಬಿಳೇತುಟಿ ಮುರುಗೆಪ್ಪ ಚೇಷ್ಟೆಗೆ ಬಾಯಿ ತೆರೆಯಲಿದ್ದವನ ಹಾಗೆ ಕುಳಿತಿದ್ದ.

ಗುರುಪಾದ ಜೇಬಿನಿಂದ ಕರ್ಚೀಫು ತೆಗೆದು ಗಾಜಿನ ಕಡೆ ಧಾವಿಸಿದ. ಕಾಳವ್ವ ಅವನ ಮಣಿಕಟ್ಟು ಹಿಡಿದಳು. "ಒಂದ ಸಲ ಮಣ್ಣು ಕೊಟ್ಟು ಬಂದೇವಿ, ಸಾಲಲಿಲ್ಲೇನ ನಿನಗ?" ಎಂದಳು. ದನಿ ಏರಿಸಲಿಲ್ಲ. ಗುರುಪಾದನ ಕೈ ಕರ್ಚೀಫಿನ ಸಮೇತ ಕೆಳಗಿಳಿಯಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಗಂಡಿನ ಅಜ್ಜ ಕೋಲೂರಿ ಎದ್ದು ಬಂದ. "ಅಯ್ಯೋ, ಇವರು ಬಿಳೇತುಟಿ ಸಾಹುಕಾರ್ರಲ್ಲೇನ್ರಿ! ನಮ್ಮ ಹತ್ತಿ ಅಮರಗೋಳದಾಗ ಇವರ ಅಂಗಡಿಗೇನs ಬರ್ತಿತ್ತು. ನಾ ಬಂದಾಗಿಂದ ಇದು ಯಾವ ಮುರುಗೆಪ್ಪನ ಮನಿಪಾ ಅಂತ ವಿಚಾರ ಮಾಡಾಕತ್ತಿದ್ದೆ." ಗುರುಪಾದ ಇಷ್ಟೆಲ್ಲ ಬಳಿದು ಬಚ್ಚಿಟ್ಟದ್ದು, ಯಾರಿಂದ ಬಚ್ಚಿಡಬೇಕಿತ್ತೋ ಅವರಿಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು.

ಗಂಡಿನ ಅವ್ವ ಮಾತ್ರ ಮಾವನ ಉತ್ಸಾಹಕ್ಕೆ ಸೇರಲಿಲ್ಲ. ಅವಳ ಕಣ್ಣು ಗಾಜಿನ ಮೇಲಿನ ಬಿಳಿಯಿಂದ ಸೌಮ್ಯಾಳ ಮುಖಕ್ಕೆ, ಮುಖದಿಂದ ತಾಟು ಹಿಡಿದ ಬೆರಳುಗಳಿಗೆ ಬಂದು ಅಲ್ಲಿ ಏನೋ ಅರಸಿತು. ಅರಸುತ್ತಿದ್ದುದು ಬಿಳಿ ಕಲೆಯನ್ನು ಎಂದು ರಾಜೇಶ್ವರಿಗೆ ಹೊಳೆಯಿತು. ಸೌಮ್ಯಾಳಿಗೂ ಆ ನೋಟ ತಿಳಿಯಿತು. ಹುಡುಗಿ ಕೈ ಮರೆ ಮಾಡಲಿಲ್ಲ. ತಾಟನ್ನು ಇನ್ನಷ್ಟು ಮುಂದೆ ಚಾಚಿ, "ಬರ್ರಿ, ನೀವೂ ಹಚ್ಚರ್ರಿ ನಮ್ಮ ಅಜ್ಜಗ," ಎಂದಳು. ಆ ಹೆಂಗಸು ಎದ್ದಳೋ ಇಲ್ಲವೋ ರಾಜೇಶ್ವರಿ ನೋಡಲಿಲ್ಲ. ಆ ಸಂಬಂಧ ಕೂಡಿದರೂ ಮುರಿದರೂ ಅದು ಅವರ ಮನೆಯ ಬುದ್ಧಿ.

ಅವಳ ಸರದಿ ಬಂದಿತ್ತು. ಫೋಟೋದ ಮುಂದೆ ನಿಂತಳು. ಗದ್ದದ ಕೆಳಗೂ ಇಳಿದಿತ್ತು. ರೆಪ್ಪೆಯದು ಕಿವಿಯ ಕಡೆಗೆ. ಹೌದು, ಹೌದು, ಅಲ್ಲೇ. ಮಂದಿ ನೋಡುತ್ತಾರೆಂಬ ಪರಿವೆಯಿಲ್ಲದೆ ಶಾಲೆಯ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಕೈ ಚಾಚಿ ಅಪ್ಪನ ತುಟಿ ಮುಟ್ಟಿದಳು.

ಬೆರಳ ತುದಿ ಬೆಳ್ಳಗಾಯಿತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೈಗೆ ಹತ್ತೂದಿಲ್ಲ ಎಂದಿದ್ದ ಅಪ್ಪ. ಬೆರಳನ್ನು ಒರೆಸಿಕೊಳ್ಳದೆ, ಮುಷ್ಟಿಯಲ್ಲಿ ಮುಚ್ಚಿಕೊಂಡು, ಅವ್ವನ ಪಕ್ಕದಲ್ಲಿ ಹೋಗಿ ಕುಳಿತಳು.